ಸೀಸದ ಜಾಡು ಹಿಡಿದ ವೈದ್ಯೆ

ಮಕ್ಕಳೇ, ಪೆನ್ಸಿಲ್‌ಗೆ ಸೀಸದ ಕಡ್ಡಿ ಎಂಬ ಹೆಸರೂ ಇದೆ. ಆದರೆ ಅದರೊಳಗೆ ಸೀಸವಿಲ್ಲ. ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಒಳ್ಳೆಯದೇ ಆಯಿತು, ಏಕೆಂದರೆ ನಿಜವಾದ ಸೀಸ ವಿಷ. ಈ ವಿಷವನ್ನು ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆದು ಪತ್ತೆಹಚ್ಚಿದವರು ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್.

ಆಲಿಸ್ 1869ರ ಫೆಬ್ರವರಿ 27ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದರು. 1893ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. 1897ರಲ್ಲಿ ಶಿಕಾಗೋ ನಗರಕ್ಕೆ ಬಂದು, ಬಡ ಕಾರ್ಮಿಕರ ಕೇರಿಯಲ್ಲಿದ್ದ ಹಲ್ ಹೌಸ್ ಎಂಬ ಸೇವಾಸಂಸ್ಥೆಯಲ್ಲಿ ನೆಲೆಸಿದರು. ದುಡಿಯುವ ಜನರ ಕಾಯಿಲೆಗಳನ್ನು ಅವರು ಹತ್ತಿರದಿಂದ ಕಂಡದ್ದು ಅಲ್ಲಿಯೇ.

1910ರಲ್ಲಿ ಇಲಿನಾಯ್ ರಾಜ್ಯ ಸರ್ಕಾರ ಕಾರ್ಖಾನೆಗಳ ಕಾಯಿಲೆಗಳ ಸಮೀಕ್ಷೆ ನಡೆಸಿತು. ಸೀಸದ ಭಾಗ ಆಲಿಸ್ ಅವರ ಪಾಲಿಗೆ ಬಂತು. ಒಮ್ಮೆ ಅವರಿಗೆ ಪೋಲೆಂಡ್ ಮೂಲದ ಒಬ್ಬ ಕಾರ್ಮಿಕನ ವಿಷಯ ತಿಳಿಯಿತು. ಅವನಿಗೆ ತೀವ್ರ ಹೊಟ್ಟೆನೋವು, ಜೊತೆಗೆ ಕೈಗಳಲ್ಲಿ ಶಕ್ತಿಯಿಲ್ಲ. ಇವು ಸೀಸದ ವಿಷದ ಲಕ್ಷಣಗಳು. ಅವನ ಕೆಲಸ ಸ್ನಾನದ ತೊಟ್ಟಿಗಳಿಗೆ ಎನಾಮಲ್ ಹಚ್ಚುವುದು. ಎನಾಮಲ್ ತಟ್ಟೆಗಳನ್ನು ನೋಡಿದ್ದೀರಲ್ಲ, ಅದೇ ಬಗೆಯ ಹೊಳಪಿನ ಲೇಪ. ನಮ್ಮಲ್ಲಿ ಸೀಸ ಬಳಸುವುದೇ ಇಲ್ಲ ಎಂದರು ಕಾರ್ಖಾನೆಯವರು. ತೋರಿಸಿದ ಕೋಣೆಯಲ್ಲೂ ಅಂಥದ್ದೇನೂ ಕಾಣಲಿಲ್ಲ. ಆಲಿಸ್ ಅಷ್ಟಕ್ಕೇ ಬಿಡಲಿಲ್ಲ. ನೇರವಾಗಿ ಆ ಕಾರ್ಮಿಕನ ಮನೆಗೆ ಹೋಗಿ ವಿಚಾರಿಸಿದರು. ನಿಜವಾದ ಕೆಲಸ ನಡೆಯುತ್ತಿದ್ದುದು ಬೇರೆ ಕಡೆ! ಅಲ್ಲಿ ಕೆಂಪಗೆ ಕಾದ ಕಬ್ಬಿಣದ ತೊಟ್ಟಿಗಳ ಮೇಲೆ ಎನಾಮಲ್ ಪುಡಿ ಉದುರಿಸುತ್ತಿದ್ದರು. ಪುಡಿಯನ್ನು ತರಿಸಿ ಪರೀಕ್ಷಿಸಿದಾಗ ಅದರಲ್ಲಿ ಸೀಸ ಧಾರಾಳವಾಗಿತ್ತು.

ಕಾರ್ಮಿಕರು ಕೈ ತೊಳೆಯದೆ ಊಟ ಮಾಡುವುದರಿಂದಲೇ ಈ ರೋಗ ಬರುತ್ತದೆ ಎಂದು ಮಾಲೀಕರು ಹೇಳುತ್ತಿದ್ದರು. ಕೈ ತೊಳೆಯಬೇಕು, ನಿಜ. ಆದರೆ ಉಸಿರನ್ನು ತೊಳೆಯಲಾದೀತೇ? ಹೆಚ್ಚಿನ ವಿಷ ಒಳಸೇರುತ್ತಿದ್ದುದು ದೂಳು ಮತ್ತು ಹೊಗೆಯ ಮೂಲಕ ಎಂದು ಆಲಿಸ್ ತೋರಿಸಿಕೊಟ್ಟರು. ದೂಳೇಳದಂತೆ ನೀರು ಚಿಮುಕಿಸಿ, ಹೊಗೆಯನ್ನು ಹೀರಿ ಹೊರಹಾಕುವ ಕೊಳವೆ ಅಳವಡಿಸಿ ಎಂದರು. 1911ರಲ್ಲಿ ಇಲಿನಾಯ್‌ನಲ್ಲಿ ಕಾನೂನೇ ಬಂತು.

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವರನ್ನು ತನ್ನ ಮೊದಲ ಮಹಿಳಾ ಅಧ್ಯಾಪಕಿಯಾಗಿ ನೇಮಿಸಿತು. ಆದರೆ ಪದವಿ ಪ್ರದಾನದ ಮೆರವಣಿಗೆಯಲ್ಲಿ ನಡೆಯುವಂತಿಲ್ಲ, ಫುಟ್‌ಬಾಲ್ ಪಂದ್ಯದ ಟಿಕೆಟ್ ಕೇಳುವಂತಿಲ್ಲ ಎಂಬ ವಿಚಿತ್ರ ಷರತ್ತುಗಳಿದ್ದವು! 1935ರಲ್ಲಿ ನಿವೃತ್ತರಾಗುವವರೆಗೂ ಅವರಿಗೆ ಬಡ್ತಿ ಸಿಗಲಿಲ್ಲ.

ಆ ಹೊತ್ತಿಗೆ ಸೀಸ ಕಾರ್ಖಾನೆ ದಾಟಿ ಬೀದಿಗೂ ಬಂದಿತ್ತು. ಎಂಜಿನ್ ಬಡಿತದ ಸದ್ದಿಲ್ಲದೆ ನಯವಾಗಿ ಓಡಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸತೊಡಗಿದ್ದರು. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ನ್ಯೂಜೆರ್ಸಿಯ ಘಟಕವೊಂದರಲ್ಲಿ 5 ಮಂದಿ ಸತ್ತರು. ಮರುವರ್ಷ ವಾಷಿಂಗ್ಟನ್ ಸಭೆಯಲ್ಲಿ ಆಲಿಸ್ ಇದನ್ನು ಬಲವಾಗಿ ವಿರೋಧಿಸಿದರು. ಅವರ ಮಾತು ನಡೆಯಲಿಲ್ಲ. ವಾಹನಗಳು ಉಗುಳಿದ ಸೀಸವನ್ನು ದಶಕಗಳ ಕಾಲ ಜನ ಉಸಿರಾಡಿದರು. ಅದರಿಂದ ಹೆಚ್ಚು ಹಾನಿಯಾದದ್ದು ಬೆಳೆಯುವ ಮಕ್ಕಳ ಮಿದುಳಿಗೆ.

ಆಲಿಸ್ 1970ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಕೊನೆಯದಾಗಿ ಅಲ್ಜೀರಿಯಾದಲ್ಲಿ ನಿಂತದ್ದು 2021ರಲ್ಲಿ. ಹೀಗೆ ಉದುರಿದ ಸೀಸ ಹಳೆಯ ರಸ್ತೆಗಳ ಬದಿಯ ಮಣ್ಣಿನಲ್ಲಿ ಈಗಲೂ ಇದೆ. ಅದು ಎಲೆಯಂತೆ ಕೊಳೆತು ಹೋಗುವುದಿಲ್ಲ. ಹೆಚ್ಚು ಸೇರಿರುವ ಕಡೆ ಮೇಲ್ಮಣ್ಣನ್ನು ಅಗೆದು ತೆಗೆಯಬೇಕು, ಇಲ್ಲವೇ ಶುದ್ಧ ಮಣ್ಣು ಹೊದಿಸಿ ಹುಲ್ಲು ಬೆಳೆಸಬೇಕು.