ಮಂಗಳೂರು ನಂಬದೆ ಕಳಿಸಿದ ಮರಿಯಮ್

2015ರ ಮೇ 17ರಂದು ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ನಾಲ್ವರು ಸನ್ಯಾಸಿನಿಯರನ್ನು ಸಂತರೆಂದು ಘೋಷಿಸಿದರು. ಅವರಲ್ಲಿ ಇಬ್ಬರು ಪ್ಯಾಲೆಸ್ಟೀನಿನವರು. ಅಧ್ಯಕ್ಷ ಮಹಮೂದ್ ಅಬ್ಬಾಸ್ ಕೂಡ ಬಂದು ಕೂತಿದ್ದರಿಂದ ಮಾಧ್ಯಮಗಳಿಗೆ ಅಂದು ಕಂಡದ್ದು ಹೆಚ್ಚಾಗಿ ರಾಜಕೀಯ. ಆ ಇಬ್ಬರಲ್ಲಿ ಒಬ್ಬಳು ನಮ್ಮ ಮಂಗಳೂರಿನಲ್ಲಿ ಸುಮಾರು ಎರಡು ವರ್ಷ ಇದ್ದವಳು, ಸನ್ಯಾಸದ ವ್ರತ ತೊಟ್ಟಿದ್ದು ಇಲ್ಲೇ, ಇವಳನ್ನು ನಂಬುವುದು ಕಷ್ಟ ಅಂತ ಹಡಗು ಹತ್ತಿಸಿ ವಾಪಸ್ ಕಳಿಸಿದ್ದೂ ಇಲ್ಲಿಂದಲೇ ಎಂಬುದು ಊರಿನ ಕ್ಯಾಥೊಲಿಕರಿಗೆ ಗೊತ್ತು. ಉಳಿದವರಿಗೆ ಅಷ್ಟಾಗಿ ಗೊತ್ತಿಲ್ಲ.

ಹೆಸರು ಮರಿಯಮ್ ಬವಾರ್ಡಿ. ಮಠದ ಹೆಸರು ಶಿಲುಬೆಗೇರಿದ ಯೇಸುವಿನ ಮೇರಿ. 1846ರ ಜನವರಿ 5ರಂದು ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ ಹುಟ್ಟಿದಳು. ನಜರೇತು, ಹೈಫಾ ಎರಡೂ ಅಲ್ಲಿಂದ ದೂರವಿಲ್ಲ. ಆಕೆಗಿಂತ ಮೊದಲು ಹುಟ್ಟಿದ ಹನ್ನೆರಡು ಗಂಡುಮಕ್ಕಳೂ ಎಳವೆಯಲ್ಲೇ ತೀರಿಕೊಂಡಿದ್ದವು. ಅಪ್ಪ ಅಮ್ಮ ಬೆತ್ಲೆಹೇಮಿಗೆ ನಡೆದುಕೊಂಡೇ ಹೋಗಿ ಹರಕೆ ಹೊತ್ತ ಮೇಲೆ ಹುಟ್ಟಿದ ಹೆಣ್ಣುಮಗು ಇದು. ಮೂರು ತುಂಬುವುದರೊಳಗೆ ಅಪ್ಪನೂ ಅಮ್ಮನೂ ಕೆಲವೇ ದಿನಗಳ ಅಂತರದಲ್ಲಿ ಹೋದರು. ತಮ್ಮ ಬೌಲೋಸ್‌ನನ್ನು ಒಂದು ಮನೆಯವರು ಕರೆದುಕೊಂಡು ಹೋದರು, ಇವಳನ್ನು ಚಿಕ್ಕಪ್ಪನ ಮನೆಯವರು. ಅಕ್ಕ ತಮ್ಮ ಮತ್ತೆಂದೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಚಿಕ್ಕಪ್ಪನ ಸಂಸಾರ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋಯಿತು. ಹನ್ನೆರಡರ ವಯಸ್ಸಿಗೆ ಮದುವೆ ಗೊತ್ತು ಮಾಡಿದರು. ಆಕೆ ಒಲ್ಲೆ ಅಂದಳು, ತಲೆಗೂದಲನ್ನು ತಾನೇ ಕತ್ತರಿಸಿಕೊಂಡಳು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಆಕೆ ಕೆಲಸದವಳು. ತಮ್ಮನಿಗೆ ಸುದ್ದಿ ಮುಟ್ಟಿಸಲೆಂದು ಪರಿಚಯದ ಆಳೊಬ್ಬನ ಬಳಿ ಹೋದಾಗ ಧರ್ಮದ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಅವನು ಆಕೆಯ ಕತ್ತು ಕೊಯ್ದು ಓಣಿಯಲ್ಲಿ ಎಸೆದ. 1858ರ ಸೆಪ್ಟೆಂಬರ್ ಅದು. ಹೇಗೋ ಬದುಕಿದಳು. ತನ್ನನ್ನು ಆರೈಕೆ ಮಾಡಿದ್ದು ನೀಲಿ ಉಡುಪಿನ ಒಬ್ಬ ಸನ್ಯಾಸಿನಿ, ಆಕೆ ಮಾತೆ ಮರಿಯಳೇ ಎಂದು ಮರಿಯಮ್ ಮುಂದೆ ಹೇಳಿದಳು. ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಕತ್ತಿನ ಮೇಲಿನ ಉದ್ದದ ಗಾಯದ ಗುರುತನ್ನಂತೂ ಫ್ರಾನ್ಸಿನ ವೈದ್ಯರೇ ನೋಡಿದ್ದಾರೆ. ದನಿ ಸಾಯುವತನಕ ಒಡಕಾಗಿಯೇ ಉಳಿಯಿತು.

ಆಮೇಲೆ ಮನೆಗೆಲಸ. ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಕೊನೆಗೆ 1863ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್. ಅಲ್ಲಿ ಸಂತ ಜೋಸೆಫರ ಸಭೆಯ ಕಾನ್ವೆಂಟ್ ಸೇರಿದಳು. ಎರಡು ವರ್ಷದ ನಂತರ ಇವಳನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಮತಕ್ಕೆ ಹಾಕಿದಾಗ ಬೇಡ ಅಂತಲೇ ಆಯಿತು. ಧ್ಯಾನದಲ್ಲಿ ಮೈಮರೆಯುವುದು, ಕೈಕಾಲಿನಲ್ಲಿ ಶಿಲುಬೆಯ ಗಾಯದಂಥ ಗಾಯ ಕಾಣಿಸುವುದು, ಇದೆಲ್ಲ ಶಿಸ್ತಿನ ಮಠಕ್ಕೆ ತಲೆನೋವಿನ ವಿಚಾರ.

ಆಗ ಒಬ್ಬರು ಆಕೆಯ ಕೈಹಿಡಿದರು. ಮದರ್ ವೆರೋನಿಕಾ, ಇಂಗ್ಲಿಷ್ ಮಹಿಳೆ, ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳು, ಬೆಳೆದ ಮೇಲೆ ಕ್ಯಾಥೊಲಿಕ್ ಆದವರು. ತಾವೂ ಆ ಸಭೆ ಬಿಟ್ಟು ಕಾರ್ಮೆಲ್ ಮಠಕ್ಕೆ ಹೊರಟಿದ್ದವರು, ಹೋಗುವಾಗ ಈ ಹುಡುಗಿಯನ್ನೂ ಜೊತೆಗೆ ಕರೆದುಕೊಂಡು ಹೋದರು. 1867ರ ಜೂನಿನಲ್ಲಿ ಇಬ್ಬರೂ ದಕ್ಷಿಣ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠ ತಲುಪಿದರು. ಮಂಗಳೂರಿನವರಿಗೆ ವೆರೋನಿಕಾ ಹೊಸ ಹೆಸರಲ್ಲ. ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಕಟ್ಟಿದವರು ಅವರೇ. ಸೇಂಟ್ ಆನ್ಸ್, ಸೇಂಟ್ ಆಗ್ನೆಸ್ ಎಲ್ಲ ಆ ಸಭೆಯವೇ. ಊರಿನ ಹೆಣ್ಣುಮಕ್ಕಳಿಗೆ ತಲೆಮಾರುಗಟ್ಟಲೆ ಅಕ್ಷರ ಕಲಿಸಿದ ಸಂಸ್ಥೆಯ ಸ್ಥಾಪಕಿ, ಓದು ಬರಹ ಬಾರದ ಅರಬ್ ಹುಡುಗಿಯೊಬ್ಬಳ ಪರವಾಗಿ ನಿಂತಿದ್ದರು.

1870ರಲ್ಲಿ ಮಂಗಳೂರಿನ ಬಿಷಪ್ ಮೇರಿ ಎಫ್ರೆಮ್ ಅವರು, ತಾವೇ ಕಾರ್ಮೆಲ್ ಸಭೆಯವರು, ಇಲ್ಲೊಂದು ಕಾರ್ಮೆಲ್ ಮಠ ಬೇಕೆಂದು ಕೇಳಿದರು. ಗೋಡೆ ದಾಟಿ ಹೊರಗೆ ಬಾರದ, ಪ್ರಾರ್ಥನೆಗೇ ಮೀಸಲಾದ ಮಠ. ಭಾರತದಲ್ಲಿ ಅಂಥದ್ದು ಅದೇ ಮೊದಲು. ಆಗಸ್ಟ್ 21ರಂದು ಪೋದಿಂದ ಹೊರಟ ಸಣ್ಣ ತಂಡದಲ್ಲಿ ಮರಿಯಮ್ ಕೂಡ ಇದ್ದಳು. ದಾರಿಯಲ್ಲೇ ಮೂವರು ಸನ್ಯಾಸಿನಿಯರು ತೀರಿಕೊಂಡರು. ಮಠದ ಮುಖ್ಯಸ್ಥೆ ಆಗಬೇಕಿದ್ದ ಮದರ್ ಎಲಿಯಾಸ್ ಅವರೂ ಮಂಗಳೂರನ್ನು ಕಾಣಲಿಲ್ಲ. ಅಂದರೆ, ಈ ಮಠ ಶುರುವಾಗಿದ್ದೇ ಸಾವಿನ ಸೂತಕದಲ್ಲಿ.

ಇಲ್ಲಿ ಆಕೆಯ ದಿನ ಹೇಗಿತ್ತು ಅಂತ ಸ್ವಲ್ಪ ಯೋಚಿಸಿ. ಸುತ್ತಲಿನ ಊರು ಮಾತಾಡುವುದು ತುಳು, ಕೊಂಕಣಿ, ಕನ್ನಡ, ಬ್ಯಾರಿ. ಗೋಡೆಯೊಳಗೆ ಫ್ರೆಂಚ್, ಅದು ಆಕೆಗೆ ಬರುತ್ತಿದ್ದುದು ಅಷ್ಟಕ್ಕಷ್ಟೆ. ಪ್ರಾರ್ಥನಾ ಮಂದಿರದಲ್ಲಿ ಲ್ಯಾಟಿನ್. ಆಕೆಗೆ ಹುಟ್ಟಿನಿಂದ ಬಂದದ್ದು ಅರಬ್ಬಿ. ಆ ಭಾಷೆಯಲ್ಲಿ ಮಾತಾಡಲು ಒಬ್ಬರೂ ಇಲ್ಲ. ಓದು ಬಾರದ್ದರಿಂದ ಆಕೆ ಕೆಲಸದ ಸನ್ಯಾಸಿನಿಯರ ಸಾಲಿನವಳು. ಅಡುಗೆ, ಬಟ್ಟೆ ಒಗೆತ, ಗುಡಿಸುವುದು ಒರೆಸುವುದು. ಫ್ರಾನ್ಸಿನ ಚಳಿಯಿಂದ ಬಂದವರಿಗೆ ಮಂಗಳೂರಿನ ಏಪ್ರಿಲ್ ತಿಂಗಳ ಕುಸಿನಿ ಹೇಗಿರುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಮಾರಾಯ್ರೇ.

ಕಾರ್ಮೆಲ್ ಸಭೆಗೆ 13ನೇ ಶತಮಾನದಲ್ಲಿ ಜೆರುಸಲೇಮಿನ ಆಲ್ಬರ್ಟ್ ಎಂಬ ಧರ್ಮಾಧ್ಯಕ್ಷರು ಬರೆದುಕೊಟ್ಟ ಚಿಕ್ಕ ನಿಯಮವೊಂದಿದೆ. ಅದರಲ್ಲಿ ಓದಲು ಬಾರದವರಿಗೆ ಒಂದು ದಾರಿ ಮಾಡಿಟ್ಟಿದ್ದಾರೆ. ಕೀರ್ತನೆಗಳನ್ನು ಹೇಳಲಾಗದವರು ಪರಲೋಕ ಪ್ರಾರ್ಥನೆ ಹೇಳಿದರೆ ಸಾಕು. ರಾತ್ರಿಯ ಜಾಗರಣೆಗೆ 25 ಸಲ, ಸಂಜೆಗೆ 15 ಸಲ, ಉಳಿದ ಆರು ಹೊತ್ತಿಗೆ ಏಳೇಳು ಸಲ. ಇಂಜಿನಿಯರಿಂಗ್ ಓದಿದ ಚಾಳಿ, ಕೂಡಿಸಿ ನೋಡಿದೆ: ದಿನಕ್ಕೆ 82. ಭಾನುವಾರ, ಹಬ್ಬಗಳಲ್ಲಿ ರಾತ್ರಿಯದ್ದು ದುಪ್ಪಟ್ಟು.

ಮೊದಲ ಸಲ ಓದಿದಾಗ ಇದೇನು ಯಾಂತ್ರಿಕ ಲೆಕ್ಕ ಅಂತ ಅನಿಸುತ್ತದೆ. ಆದರೆ ಮನಸ್ಸು ಕುಸಿದವರ ಕಡೆಯಿಂದ ನೋಡಿದರೆ ಈ ನಿಯಮದಲ್ಲಿ ದೊಡ್ಡ ಕರುಣೆ ಇದೆ. ಭಕ್ತಿ ಉಕ್ಕಬೇಕು ಅಂತ ಅದು ಕೇಳುವುದಿಲ್ಲ. ಹೊಸ ಮಾತು ಹುಡುಕು ಅನ್ನುವುದಿಲ್ಲ. ಬಾಯಿಗೆ ಬರುವುದು ಒಂದೇ ಆದರೆ ಅದನ್ನೇ ಹೇಳು, ಎಣಿಸಿ ಹೇಳು, ಮುಗಿಯಿತು. ಯೇಸು ಕೂಡ ಗೆತ್ಸೆಮನೆ ತೋಟದಲ್ಲಿ ಮೂರನೇ ಸಲವೂ ಅದೇ ಮಾತನ್ನೇ ಹೇಳಿ ಪ್ರಾರ್ಥಿಸಿದ ಎಂದು ಮತ್ತಾಯ ಬರೆದಿದ್ದಾನೆ. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅದನ್ನು ಬೈಬಲ್ಲಿನಿಂದ ಯಾರೂ ತೆಗೆದುಹಾಕಿಲ್ಲ.

1871ರ ನವೆಂಬರ್ 21ರಂದು ಮರಿಯಮ್ ಮಂಗಳೂರಿನಲ್ಲಿ ಅಂತಿಮ ವ್ರತ ಸ್ವೀಕರಿಸಿದಳು. ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಒಳಗೆ ಕತ್ತಲೆ ಕವಿಯಿತು, ಹೊರಗೆ ಅನುಮಾನ. ಆಕೆಯ ಅನುಭವಗಳು ದೇವರದ್ದಲ್ಲ, ಸೈತಾನನದ್ದು ಅಥವಾ ಬರೀ ಕಲ್ಪನೆ ಎಂದು ಮೇಲಿನವರು ನಿರ್ಧರಿಸುತ್ತ ಬಂದರು. ಕರೆಸಿಕೊಂಡ ಬಿಷಪ್ಪರೇ ನಂಬಿಕೆ ಕಳೆದುಕೊಂಡರು. ಪೋದಲ್ಲೂ 1868ರಲ್ಲಿ ನಲವತ್ತು ದಿನ ಆಕೆಗೆ ದೆವ್ವದ ಕಾಟ ಎಂದೇ ಮಠದವರು ತಿಳಿದಿದ್ದರು, ಆದರೆ ಅಲ್ಲಿಯವರು ಕಾದರು, ಹೊರಗೆ ಹಾಕಲಿಲ್ಲ. ಇಲ್ಲಿ ಕಾಯುವ ವ್ಯವಧಾನ ಇರಲಿಲ್ಲ. ಮುಖ್ಯವಾಗಿ, ಇಲ್ಲಿ ವೆರೋನಿಕಾ ಇರಲಿಲ್ಲ.

ಆಕೆಗೆ ಇದ್ದದ್ದು ಖಿನ್ನತೆಯೇ ಅಂತ ನಾನು ಹೇಳುತ್ತಿಲ್ಲ. ನಾನು ವೈದ್ಯನಲ್ಲ, 150 ವರ್ಷದ ಹಿಂದಿನ ಹೆಂಗಸಿಗೆ ಇಲ್ಲಿ ಕೂತು ಚೀಟಿ ಬರೆಯುವುದು ಸರಿಯೂ ಅಲ್ಲ. ಕಾರ್ಮೆಲ್ ಸಭೆಗೆ ಇಂಥ ಸ್ಥಿತಿಯನ್ನು ವಿವರಿಸಲು ತನ್ನದೇ ಭಾಷೆ ಉಂಟು. 16ನೇ ಶತಮಾನದಲ್ಲಿ ಸ್ಪೇನಿನ ಜಾನ್ ಆಫ್ ದ ಕ್ರಾಸ್ ತನ್ನದೇ ಸಭೆಯವರ ಸೆರೆಯಲ್ಲಿ ಕೊಳೆತು ಬಂದವರು, ಆತ್ಮದ ಕತ್ತಲ ರಾತ್ರಿಯ ಬಗ್ಗೆ ಬರೆದರು. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಹೊರಬಂದಾಗ ಜಗತ್ತು ಬೆಚ್ಚಿತು, ದಶಕಗಳ ಕಾಲ ಅವರಿಗೂ ದೇವರ ಇರವು ಗೊತ್ತಾಗಿರಲಿಲ್ಲ. ಆ ರಾತ್ರಿ ಮತ್ತು ಖಿನ್ನತೆ ಒಂದೇ ಅಲ್ಲ, ಆದರೆ ಒಬ್ಬಳೇ ಮನುಷ್ಯಳಿಗೆ ಎರಡೂ ಒಟ್ಟಿಗೆ ಬರಬಾರದು ಅಂತ ಏನಿಲ್ಲ. ಹತ್ತಿರ ಇರುವವರು ಏನು ಮಾಡುತ್ತಾರೆ ಎಂಬುದು ಎರಡರಲ್ಲೂ ದೊಡ್ಡ ಪ್ರಶ್ನೆ.

ನನ್ನ ಜೊತೆ ಓದಿದವಳೊಬ್ಬಳು ಎರಡನೇ ಹೆರಿಗೆಯ ನಂತರ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಪ್ರಾರ್ಥನಾ ಕೂಟದವರು ಮನೆಗೆ ಬಂದು, ನಿನ್ನ ವಿಶ್ವಾಸ ಸಾಲದು, ಇನ್ನೂ ಗಟ್ಟಿಯಾಗಿ ಪ್ರಾರ್ಥಿಸು ಅಂದರಂತೆ. ಮೊದಲೇ ನೆಲಕ್ಕೆ ಬಿದ್ದವಳ ಮೇಲೆ ಇನ್ನೊಂದು ಕಲ್ಲು. ಆಕೆಯನ್ನು ಎಬ್ಬಿಸಿದ್ದು ಪಕ್ಕದ ಮನೆಯ ಬಾಯಮ್ಮ. ದಿನಾ ಸಂಜೆ ಬಂದು ಮಂಚದ ಹತ್ತಿರ ಕೂತು ತೇರ್ಸ್ ಹೇಳುತ್ತಿದ್ದರು, ಇವಳು ಉತ್ತರ ಕೊಡದಿದ್ದರೆ ಇವಳ ಪಾಲಿನದ್ದನ್ನೂ ತಾವೇ ಹೇಳಿ ಮುಗಿಸುತ್ತಿದ್ದರು. ಮೂರನೇ ವಾರ ಒಂದು ಆಟೊ ಕರೆಸಿ ಮನೋವೈದ್ಯರಲ್ಲಿಗೂ ಕರೆದುಕೊಂಡು ಹೋದರು. ಮಾತ್ರೆ ಮತ್ತು ಜಪಸರ ಎರಡೂ ಒಂದೇ ಮೇಜಿನ ಮೇಲೆ ಇದ್ದವು, ಅವುಗಳ ನಡುವೆ ಏನೂ ಜಗಳ ಆಗಲಿಲ್ಲ.

ಚರ್ಚು ಕೂಡ ಇಲ್ಲಿ ಒಂದಷ್ಟು ದೂರ ನಡೆದು ಬಂದಿದೆ. 1917ರ ಧರ್ಮಸಂಹಿತೆ ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ ಚರ್ಚಿನ ಅಂತ್ಯವಿಧಿ ನಿರಾಕರಿಸುತ್ತಿತ್ತು, 1983ರ ಸಂಹಿತೆಯಲ್ಲಿ ಆ ಮಾತಿಲ್ಲ. ತೀವ್ರ ಮಾನಸಿಕ ನೋವು ಅಂಥವರ ಹೊಣೆಯನ್ನು ಕಡಿಮೆ ಮಾಡುತ್ತದೆ ಎಂದು 1992ರ ಧರ್ಮೋಪದೇಶ ಒಪ್ಪಿಕೊಂಡಿದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಅದೇ ದಿಕ್ಕಿನದು. ಈಗ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆದರೂ ಬೀದಿಯಲ್ಲಿ, ಮನೆಯಲ್ಲಿ, ಮಂಕಾಗಿ ಕೂತವರನ್ನು ಕಂಡು ಗಾಳಿ ಸೋಕಿದೆ, ಮದ್ದು ಮಾಡಿದ್ದಾರೆ ಎನ್ನುವುದು ಯಾವ ಜಾತಿ ಧರ್ಮದಲ್ಲೂ ನಿಂತಿಲ್ಲ.

1872ರ ಸೆಪ್ಟೆಂಬರಿನಲ್ಲಿ ಮರಿಯಮ್‌ಳನ್ನು ಫ್ರಾನ್ಸಿಗೆ ವಾಪಸ್ ಕಳಿಸಲಾಯಿತು. ಮುಂದಿನ ವರ್ಷವೇ ಬಿಷಪ್ ಮೇರಿ ಎಫ್ರೆಮ್ ತೀರಿಕೊಂಡರು. ಪೋದ ಮಠ ಹಳೆಯ ಜಾಗವನ್ನೇ ಕೊಟ್ಟಿತು, ಅದೇ ಪೊರಕೆ, ಅದೇ ಪಾತ್ರೆ. ಅಲ್ಲಿ ಆಕೆ ಮೈಮರೆತು ಮರದ ತುದಿಗೆ ಏರಿ ಕೂತಿದ್ದನ್ನು ಕಂಡೆವು ಎಂದು ಸಹೋದರಿಯರು ಹೇಳಿದ್ದಾರೆ. ತೆಳು ಕೊಂಬೆ ಎಷ್ಟು ಭಾರ ತಾಳುತ್ತದೆ ಅಂತ ಲೆಕ್ಕ ಹಾಕಲು ನನಗೆ ಕಲಿಸಿದ್ದಾರೆ, ಹಾಗಾಗಿ ಈ ವಿಷಯದಲ್ಲಿ ನಾನು ಸುಮ್ಮನಿರುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ. ಆಕೆ ಪವಿತ್ರಾತ್ಮನಿಗೆ ಮಾಡುತ್ತಿದ್ದ ಒಂದು ಪ್ರಾರ್ಥನೆ ಉಳಿದಿದೆ. ಕೆಲವೇ ಸಾಲು. ದರ್ಶನ ಬೇಕು, ಪವಾಡ ಬೇಕು ಅಂತ ಅದರಲ್ಲಿಲ್ಲ. ದಾರಿ ಕಾಣಿಸು, ತಪ್ಪದಂತೆ ನೋಡಿಕೋ ಅನ್ನುವ ಧಾಟಿಯದು. ಬರೆಯಲು ಬಾರದ ಆಕೆಯ ಮಾತುಗಳನ್ನು ಜೊತೆಗಿದ್ದವರು ಬರೆದಿಟ್ಟರು. ಅವುಗಳ ತುಂಬ ಇರುವುದು ಹೂವು, ಹಕ್ಕಿ, ಮಣ್ಣಿನ ಹುಳು. ತನ್ನನ್ನು ಏನೂ ಅಲ್ಲದ ಪುಟ್ಟವಳು ಅಂತಲೇ ಕರೆದುಕೊಳ್ಳುತ್ತಿದ್ದಳು.

1875ರಲ್ಲಿ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಲು ಹೊರಟ ತಂಡದಲ್ಲಿ ಆಕೆಯೂ ಇದ್ದಳು. ಇಲ್ಲಿ ಲೆಕ್ಕ ತಿರುಗಿಬಿತ್ತು. ಕಲ್ಲುಕುಟಿಗರು, ಮೇಸ್ತ್ರಿಗಳು, ಕೂಲಿಯವರು ಎಲ್ಲ ಅರಬ್ಬಿ ಮಾತಾಡುವವರು. ಮಠದಲ್ಲಿ ಅರಬ್ಬಿ ಬಲ್ಲವಳು ಇವಳು. ಮಂಗಳೂರಿನಲ್ಲಿ ಯಾರ ಕಿವಿಗೂ ಬೀಳದಿದ್ದ ಒಡಕು ದನಿಯನ್ನು ಈಗ ಇಡೀ ಕಟ್ಟಡದ ಕೆಲಸ ಕಾದು ಕೇಳಬೇಕಿತ್ತು. ಗೋಡೆ ಎಲ್ಲಿ ಏಳಬೇಕು, ಕಲ್ಲು ಎಲ್ಲಿಂದ ಬರಬೇಕು, ಎಲ್ಲ ಆಕೆಯ ಮೇಲ್ವಿಚಾರಣೆ. 1876ರ ನವೆಂಬರ್ 21ರಂದು, ಮಂಗಳೂರಿನಲ್ಲಿ ವ್ರತ ತೊಟ್ಟು ಸರಿಯಾಗಿ ಐದು ವರ್ಷಕ್ಕೆ, ಸಹೋದರಿಯರು ಹೊಸ ಮಠದೊಳಗೆ ಕಾಲಿಟ್ಟರು.

ಕೆಲಸ ಇನ್ನೂ ನಡೆದಿತ್ತು. 1878ರ ಆಗಸ್ಟ್ 22ರಂದು, ಬಿಸಿಲಲ್ಲಿ ದುಡಿಯುತ್ತಿದ್ದವರಿಗೆ ಕುಡಿಯುವ ನೀರು ಒಯ್ಯುತ್ತಿದ್ದಾಗ ಮೆಟ್ಟಿಲ ಮೇಲೆ ಬಿದ್ದು ತೋಳು ಮುರಿಯಿತು. ಗ್ಯಾಂಗ್ರಿನ್ ಆಯಿತು. ನಾಲ್ಕು ದಿನಕ್ಕೆ, 26ರಂದು ತೀರಿಕೊಂಡಳು. 32 ವರ್ಷ. ಮಂಗಳೂರಿನ ಕಾರ್ಮೆಲ್ ಮಠ ಮುಚ್ಚಲಿಲ್ಲ, ಈಗಲೂ ಇದೆ. ಆಕೆಯನ್ನು ಇಲ್ಲಿ ಲಿಟ್ಲ್ ಅರಬ್ ಎಂದೇ ನೆನೆಯುತ್ತಾರೆ.