ತೊಟ್ಟಿಯ ಆಚೆಗಿನ ಆರ್ಕಿಮಿಡಿಸ್

ಆರ್ಕಿಮಿಡಿಸ್ ಎಂದರೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಸ್ನಾನದ ತೊಟ್ಟಿಯಿಂದೆದ್ದು ಬತ್ತಲೆಯಾಗಿ ಬೀದಿಗೆ ಓಡಿದ ಮನುಷ್ಯ. ಆ ಕತೆಯನ್ನು ಬರೆದವನು ವಿಟ್ರುವಿಯಸ್ ಎಂಬ ರೋಮನ್ ವಾಸ್ತುಶಿಲ್ಪಿ, ಅದೂ ಆತ ಸತ್ತು ಸುಮಾರು ಎರಡು ಶತಮಾನ ಕಳೆದ ಮೇಲೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಜೂನಿಯರ್ ಎಂಜಿನಿಯರ್ ಪರೀಕ್ಷೆಗೆ ಓದುತ್ತಿರುವ ನನಗೆ ಆರ್ಕಿಮಿಡಿಸ್ ಹತ್ತಿರವಾದದ್ದು ತೊಟ್ಟಿಯಿಂದಲ್ಲ, ಹಾರೆಯಿಂದ.

ಟಾರ್ಕ್ ಎಂದರೆ ಬಲ ಗುಣಿಸು ದೂರ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಲಾರಿ ಚಕ್ರದ ನಟ್ ಜಗ್ಗದಿದ್ದಾಗ ಪಂಕ್ಚರ್ ಅಂಗಡಿಯ ಹುಡುಗ ಸ್ಪ್ಯಾನರ್‌ಗೆ ಉದ್ದನೆಯ ಪೈಪ್ ಸಿಕ್ಕಿಸಿ ಅದರ ತುದಿಯನ್ನು ಒತ್ತುತ್ತಾನಲ್ಲ, ಅವನಿಗೆ ಈ ಸೂತ್ರ ಬೇಕಿಲ್ಲ. ದೂರ ಹೆಚ್ಚಿದಷ್ಟೂ ಕಡಿಮೆ ಬಲ ಸಾಕೆಂದು ಅವನ ಕೈಗೇ ಗೊತ್ತು. ಬಾವಿಗೆ ಏತ ಹೂಡಿದ, ಬಂಡೆಯಡಿ ಹಾರೆ ತೂರಿಸಿದ ನಮ್ಮ ಹಿರಿಯರಿಗೂ ಗೊತ್ತಿತ್ತು. ನೈಲ್ ನದಿಯ ನೀರನ್ನು ಏತದಿಂದ ಎತ್ತುತ್ತಿದ್ದ ಈಜಿಪ್ಟಿನವರಿಗೆ ಆರ್ಕಿಮಿಡಿಸ್‌ಗಿಂತ ಸಾವಿರ ವರ್ಷ ಮೊದಲೇ ಗೊತ್ತಿತ್ತು. ಹಾಗಾದರೆ ಆತ ಮಾಡಿದ್ದೇನು? ದೂರ ಎರಡರಷ್ಟಾದರೆ ಸರಿಯಾಗಿ ಅರ್ಧ ಭಾರವೇ ಯಾಕೆ ಸಾಕು, ಕಾಲು ಭಾಗ ಯಾಕಲ್ಲ? ಈ ‘ಯಾಕೆ’ಯನ್ನು ಹಿಡಿದು ಕೂತ.

ಆತ ಹುಟ್ಟಿದ್ದು ಕ್ರಿ.ಪೂ. 287ರ ಸುಮಾರಿಗೆ, ಸಿಸಿಲಿ ದ್ವೀಪದ ಗ್ರೀಕ್ ನಗರ ಸಿರಕ್ಯೂಸ್‌ನಲ್ಲಿ. ತಂದೆ ಫಿಡಿಯಾಸ್ ಖಗೋಳಜ್ಞ. ಆಗಿನ ದೊಡ್ಡ ವಿದ್ಯಾಕೇಂದ್ರ ಸಮುದ್ರದಾಚೆಯ ಅಲೆಕ್ಸಾಂಡ್ರಿಯಾ. ಅಲ್ಲಿನ ಪಂಡಿತರಿಗೆ ತನ್ನ ಶೋಧಗಳನ್ನು ಪತ್ರಗಳಲ್ಲಿ ಬರೆದು ಕಳಿಸುತ್ತಿದ್ದ.

ಸಮತೋಲದ ಬಗ್ಗೆ ಆತ ಬರೆದ ಪುಸ್ತಕ ಶುರುವಾಗುವುದು ಮಗುವೂ ಒಪ್ಪುವ ಮಾತಿನಿಂದ: ಸಮ ಭಾರಗಳು ಸಮ ದೂರದಲ್ಲಿದ್ದರೆ ತಕ್ಕಡಿ ವಾಲುವುದಿಲ್ಲ. ಅಲ್ಲಿಂದ ಮುಂದಿನ ಹೆಜ್ಜೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. (ಕಿಲೊ, ಅಡಿ ನನ್ನವು, ಉಪಾಯ ಆತನದು.) ತೂಕವೇ ಇಲ್ಲದ ಒಂದು ಕೋಲು ಎಂದುಕೊಳ್ಳಿ. ಅದರ ಮೇಲೆ ಒಂದೊಂದು ಅಡಿ ಅಂತರದಲ್ಲಿ 1 ಕಿಲೊದ 6 ತೂಕದ ಕಲ್ಲುಗಳು. ಸರಿಯಾಗಿ ನಡುವೆ, ಅಂದರೆ 3 ಮತ್ತು 4ನೇ ಕಲ್ಲಿನ ಮಧ್ಯೆ ಆನಿಕೆ ಕೊಟ್ಟರೆ ಕೋಲು ನಿಲ್ಲುತ್ತದೆ. ಎರಡೂ ಕಡೆ ಎಲ್ಲವೂ ಒಂದೇ ಥರ ಇರುವಾಗ ವಾಲಲು ಕಾರಣವೇ ಇಲ್ಲ. ಈಗ ಎಡಗಡೆಯಿಂದ 4 ಕಲ್ಲುಗಳನ್ನು ಅವುಗಳದೇ ನಡುಬಿಂದುವಿಗೆ ತಂದು ಒಟ್ಟಿ. ಉಳಿದ 2 ಕಲ್ಲುಗಳನ್ನು ಅವುಗಳ ನಡುಬಿಂದುವಿಗೆ ತನ್ನಿ. ಸಮನಾಗಿ ಹರಡಿದ್ದ ಭಾರವನ್ನು ಅದರ ನಡುವಿಗೇ ತಂದರೆ ಸಮತೋಲ ಕೆಡುವುದಿಲ್ಲ. ಈಗ ಅಳೆಯಿರಿ. ಆನಿಕೆಯಿಂದ 4 ಕಿಲೊ ಇರುವುದು 1 ಅಡಿ ದೂರದಲ್ಲಿ, 2 ಕಿಲೊ ಇರುವುದು 2 ಅಡಿ ದೂರದಲ್ಲಿ. ನಾಲ್ಕೊಂದ್ಲಾ ನಾಲ್ಕು, ಎರಡೆರಡ್ಲಾ ನಾಲ್ಕು!

ಇದನ್ನು ನೋಟ್‌ಬುಕ್ಕಿನಲ್ಲಿ ಬರೆದು ನೋಡಿದಾಗ, ನಾಲ್ಕು ವರ್ಷ ಬಳಸಿದ ಸೂತ್ರವನ್ನು ಮೊದಲ ಬಾರಿ ಕಂಡಂತಾಯಿತು. ಕಲ್ಲು ಒಟ್ಟುವ ಹೆಜ್ಜೆಯಲ್ಲೇ ನಿಯಮ ಅಡಗಿ ಕೂತಿದೆ ಎಂದು 1883ರಲ್ಲಿ ಅರ್ನ್ಸ್ಟ್ ಮಾಕ್ ಎಂಬ ಭೌತವಿಜ್ಞಾನಿ ತಕರಾರು ತೆಗೆದ. ತಕರಾರು ನ್ಯಾಯವೇ. ಆದರೆ ತಕರಾರು ತೆಗೆಯಲಾದರೂ ಅಲ್ಲೊಂದು ವಾದವಿದೆ. ಸೂತ್ರಕ್ಕೆ ಟಿಕ್ ಹಾಕುವ ನಮಗೆ ಅದೂ ಇರುವುದಿಲ್ಲ.

ಮುಂದೆ ಆತ ಇದೇ ಸನ್ನೆಕೋಲನ್ನು ತಲೆಯೊಳಗೇ ಹೂಡಿದ. ಗೋಳವನ್ನು, ಶಂಕುವನ್ನು ತೆಳು ಬಿಲ್ಲೆಗಳಾಗಿ ಕೊಯ್ದಂತೆ ಊಹಿಸಿ, ಅವನ್ನು ಕೋಲಿನ ಒಂದು ತುದಿಗೆ ತೂಗುಹಾಕಿ, ಇನ್ನೊಂದು ಕಡೆಯ ಸಿಲಿಂಡರಿನ ಬಿಲ್ಲೆಗಳೊಂದಿಗೆ ತೂಗಿದ. ಗೋಳದ ಗಾತ್ರ ಅದು ಸರಿಯಾಗಿ ಹಿಡಿಸುವ ಸಿಲಿಂಡರಿನ ಮೂರನೇ ಎರಡು ಭಾಗ ಎಂಬ ಉತ್ತರ ಸಿಕ್ಕಿದ್ದು ಹಾಗೆ. ಆದರೆ ಇದನ್ನು ಸಾಧನೆ ಎಂದು ಆತ ಒಪ್ಪಲಿಲ್ಲ, ಶುದ್ಧ ರೇಖಾಗಣಿತದಿಂದ ಬೇರೆಯೇ ಸಾಧಿಸಿ ಪ್ರಕಟಿಸಿದ. ಉತ್ತರ ಹೊಳೆದ ದಾರಿಯನ್ನು ಅಲೆಕ್ಸಾಂಡ್ರಿಯಾದ ಎರಟೋಸ್ತನೀಸ್‌ಗೆ ಪತ್ರದಲ್ಲಿ ಬಿಚ್ಚಿಟ್ಟ. ಮುಂದಿನವರು ಇದರಿಂದ ಹೊಸದನ್ನು ಹುಡುಕಲಿ ಎಂಬುದು ಆತನ ಆಸೆ. ಆ ಪತ್ರದ ಪ್ರತಿಯನ್ನು 13ನೇ ಶತಮಾನದಲ್ಲಿ ಯಾರೋ ಕೆರೆದು, ಅದೇ ಚರ್ಮದ ಹಾಳೆಗಳ ಮೇಲೆ ಪ್ರಾರ್ಥನೆಗಳನ್ನು ಬರೆದುಕೊಂಡರು. ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಅಡಿಯ ಅಕ್ಷರಗಳನ್ನು ಗುರುತಿಸಿದ್ದು 1906ರಲ್ಲಿ, ಇಸ್ತಾಂಬುಲ್‌ನಲ್ಲಿ.

ಊರಿನವರಿಗೆ ಆತ ಬೇಕಾದದ್ದು ಯುದ್ಧಕ್ಕೆ. ಆಶ್ರಯ ಕೊಟ್ಟಿದ್ದ ದೊರೆ ಹೈರಾನ್ ತೀರಿಕೊಂಡ ಮೇಲೆ ಸಿರಕ್ಯೂಸ್ ರೋಮ್‌ನ ಸ್ನೇಹ ಬಿಟ್ಟು ಕಾರ್ತೇಜ್ ಪಕ್ಷ ಸೇರಿತು. ಸೇನಾಪತಿ ಮಾರ್ಸೆಲಸ್ ಹಡಗುಗಳೊಂದಿಗೆ ಬಂದ. ಕೋಟೆಯಿಂದ ಹೊರಚಾಚಿದ ತೊಲೆಗಳ ತುದಿಯ ಕಬ್ಬಿಣದ ಕೊಕ್ಕೆ ಹಡಗಿನ ಮೂತಿ ಹಿಡಿಯುತ್ತಿತ್ತು. ಗೋಡೆಯೊಳಗೆ ತೊಲೆಯ ಇನ್ನೊಂದು ತುದಿ ಒತ್ತಿದರೆ ಹಡಗು ನೆಟ್ಟಗೆ ನಿಂತು, ಬಿಟ್ಟೊಡನೆ ಕವುಚುತ್ತಿತ್ತು ಎಂದು ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಏತವೇ, ಕೊಡದ ಬದಲು ಹಡಗು! ನುಗ್ಗಲಾಗದ ರೋಮನರು ಮುತ್ತಿಗೆ ಹಾಕಿ ಕಾದರು. ಹಬ್ಬದ ರಾತ್ರಿಯೊಂದರಲ್ಲಿ ಕಾವಲು ಸಡಿಲಾದಾಗ ಗೋಡೆ ಹತ್ತಿದರು. ಕ್ರಿ.ಪೂ. 212ರಲ್ಲಿ ಇಡೀ ನಗರ ಬಿತ್ತು. ಆತನನ್ನು ಜೀವಸಹಿತ ಉಳಿಸಬೇಕೆಂಬುದು ಮಾರ್ಸೆಲಸ್‌ನ ಇಚ್ಛೆಯಾಗಿತ್ತು. ಒಬ್ಬ ಸೈನಿಕ ಕೊಂದುಬಿಟ್ಟ.

ಗೋರಿಯ ಮೇಲೆ ಹಡಗೆತ್ತುವ ಯಂತ್ರವನ್ನಲ್ಲ, ಗೋಳ ಮತ್ತು ಸಿಲಿಂಡರನ್ನು ಕೆತ್ತಿಸಿದ್ದರು. ಆತ ಬಯಸಿದ್ದೂ ಅದನ್ನೇ ಎನ್ನುತ್ತಾರೆ. 137 ವರ್ಷಗಳ ನಂತರ, ಕ್ರಿ.ಪೂ. 75ರಲ್ಲಿ ಸಿಸಿಲಿಗೆ ಅಧಿಕಾರಿಯಾಗಿ ಬಂದ ಸಿಸೆರೊ ಆ ಗೋರಿ ಎಲ್ಲಿದೆ ಎಂದು ಕೇಳಿದ. ಅಂಥ ಗೋರಿಯೇ ಇಲ್ಲ ಎಂದರು ಸಿರಕ್ಯೂಸಿನ ಜನ. ಸಿಸೆರೊ ಹುಡುಕುತ್ತಾ ಹೋದ. ಮುಳ್ಳುಪೊದೆಗಳ ನಡುವೆ ಚಿಕ್ಕ ಕಂಬವೊಂದು ತಲೆ ಎತ್ತಿತ್ತು, ಅದರ ಮೇಲೆ ಒಂದು ಗೋಳ, ಒಂದು ಸಿಲಿಂಡರ್.