ಜಪಾನಿನ ಇಂಗ್ಲಿಷ್ ಮೇಷ್ಟ್ರು ಲಫ್ಕಾಡಿಯೊ ಹರ್ನ್

ನಮ್ಮ ಹದಿನಾರಿನಿಂದ ಕೆಲಸಕ್ಕೆ ಮೈಸೂರಿಗೆ ಹೋದವರು ಹಬ್ಬ ಬಂತು ಅಂದ್ರೆ ಊರಿಗೆ ಓಡಿ ಬರ್ತಾರೆ. ಆದರೆ ಓಡಿ ಬರೋದಕ್ಕೆ ಒಂದು ಮನೆಯೇ ಇಲ್ಲದಿದ್ದವರ ಕಥೆ ಇದು.

ಲಫ್ಕಾಡಿಯೊ ಹರ್ನ್ ಅವರು 1850ನೇ ಇಸವಿ ಜೂನ್ 27ರಂದು ಈಗ ಗ್ರೀಸ್ ದೇಶಕ್ಕೆ ಸೇರಿದ ಲೆಫ್ಕಾಡ ಎಂಬ ದ್ವೀಪದಲ್ಲಿ ಜನಿಸಿದರು. ತಂದೆ ಐರ್ಲೆಂಡಿನವರು, ಸೈನ್ಯದಲ್ಲಿ ಡಾಕ್ಟರು. ತಾಯಿ ಗ್ರೀಕರು. ಚಿಕ್ಕವರಿದ್ದಾಗಲೇ ತಾಯಿ ಬಿಟ್ಟು ಹೋದರು, ಮತ್ತೆ ಅವರ ಮುಖ ನೋಡಲೇ ಇಲ್ಲ. ತಂದೆ ಬೇರೆ ಮದುವೆಯಾಗಿ ನಮ್ಮ ಇಂಡಿಯಾಕ್ಕೆ ಕೆಲಸದ ಮೇಲೆ ಬಂದುಬಿಟ್ಟರು. ಹುಡುಗನನ್ನು ಸಾಕಿದ್ದು ಒಬ್ಬ ಅಜ್ಜಿ. 16ನೇ ವಯಸ್ಸಲ್ಲಿ ಶಾಲೆಯಲ್ಲಿ ಆಟ ಆಡುವಾಗ ಏಟು ಬಿದ್ದು ಎಡಗಣ್ಣು ಹೋಯ್ತು. ಆಮೇಲೆ ಫೋಟೋ ತೆಗೆಸುವಾಗೆಲ್ಲ ಆ ಕಣ್ಣು ಕಾಣದ ಹಾಗೆ ಮುಖ ತಿರುಗಿಸಿಕೊಳ್ತಿದ್ದರು. 19ನೇ ವಯಸ್ಸಲ್ಲಿ ಅಮೆರಿಕಾಕ್ಕೆ ಹೋಗಿ ಪತ್ರಿಕೆಗಳಲ್ಲಿ ದುಡಿದರು.

1890ರಲ್ಲಿ ಜಪಾನಿಗೆ ಬಂದು ಮತ್ಸುಯೆ ಎಂಬ ಸಣ್ಣ ಊರಿನ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾದರು. ಅಲ್ಲೂ ನಮ್ಮೂರ ಹಾಗೆ ಕೆರೆ ಇದೆ, ಆದರೆ ಬಹಳ ದೊಡ್ಡದು. ಚಳಿಗಾಲದಲ್ಲಿ ಹಿಮ ಬಿದ್ದು ಕಾಯಿಲೆ ಬಿದ್ದರು. 1891ರಲ್ಲಿ ಸೆತ್ಸು ಎಂಬುವರು ಅವರ ಸಂಸಾರಕ್ಕೆ ಬಂದರು. ಸೆತ್ಸು ದೊಡ್ಡ ಮನೆತನದವರು, ಆದರೆ ಬಡತನ ಬಂದು ಬಟ್ಟೆ ನೇಯುತ್ತಿದ್ದರು.

ಇವರಿಗೆ ಜಪಾನಿ ಸರಿಯಾಗಿ ಬಾರದು, ಆಕೆಗೆ ಇಂಗ್ಲಿಷ್ ಬಾರದು. ಇಬ್ಬರೂ ಸೇರಿ ಮುರುಕು ಮುರುಕಾಗಿ ತಮ್ಮದೇ ಒಂದು ಭಾಷೆ ಮಾಡ್ಕೊಂಡರು! ಒಂದು ಸಲ ಹುಡುಗರು ಬೆಕ್ಕಿನ ಮರಿಯನ್ನು ಕೆರೆಗೆ ಮುಳುಗಿಸಿ ಆಟ ಆಡ್ತಿದ್ದರಂತೆ. ಸೆತ್ಸು ಅದನ್ನು ಬಿಡಿಸಿ ತಂದಾಗ ಮೇಷ್ಟ್ರು ಒದ್ದೆ ಮರಿಯನ್ನೇ ಎದೆಯೊಳಗೆ ಇಟ್ಟು ಬೆಚ್ಚಗೆ ಮಾಡಿದರು. ಹಿತ್ತಲಿಗೆ ಹಾವು ಬಂದರೆ, ಕಪ್ಪೆ ತಿನ್ನದಿರಲಿ ಅಂತ ತಮ್ಮ ಊಟವನ್ನೇ ಅದಕ್ಕೆ ಹಾಕ್ತಿದ್ದರಂತೆ. ನಮ್ಮಲ್ಲಾದ್ರೆ ದೊಣ್ಣೆ ಹುಡುಕ್ತೀವಿ.

ರಾತ್ರಿ ದೀಪ ಸಣ್ಣ ಮಾಡಿ ಸೆತ್ಸು ದೆವ್ವದ ಕಥೆ ಹೇಳುವರು. ಪುಸ್ತಕ ನೋಡಿಕೊಂಡು ಹೇಳಬಾರದು, ಬಾಯಲ್ಲೇ ಹೇಳಬೇಕು. ಅವನ್ನೇ ಹರ್ನ್ ಇಂಗ್ಲಿಷಿನಲ್ಲಿ ಬರೆದರು. 1904ರಲ್ಲಿ ಬಂದ ಕ್ವೈದಾನ್ ಎಂಬ ಪುಸ್ತಕ ಬಹಳ ಪ್ರಸಿದ್ಧ.

ಆಮೇಲೆ ಕುಮಮೊಟೊ ಎಂಬ ಊರಲ್ಲಿ ಮೂರು ವರ್ಷ ಪಾಠ ಮಾಡಿದರು. ಸೆತ್ಸುವನ್ನು ಸಾಕಿದ ತಂದೆತಾಯಿ, ತಾತ ಎಲ್ಲರೂ ಅದೇ ಮನೆಯಲ್ಲಿ, ಎಲ್ಲರಿಗೂ ಮೇಷ್ಟ್ರ ಸಂಬಳವೇ ಆಧಾರ. 1893ರಲ್ಲಿ ಮಗ ಕಜುವೊ ಹುಟ್ಟಿದ. ಹಳೇ ಪೇಪರಿನ ಮೇಲೆ ಬ್ರಷ್ಷಿನಲ್ಲಿ ದಪ್ಪಕ್ಷರ ಬರೆದು ಅವನಿಗೆ ತಾವೇ ಇಂಗ್ಲಿಷ್ ಕಲಿಸಿದರು. ಎಷ್ಟೋ ಮಕ್ಕಳಿಗೆ ಕಲಿಸಿದವರಿಗೂ ಮಗನಿಗೆ ಕಲಿಸುವಾಗ ಕೋಪ ಬರ್ತಿತ್ತಂತೆ, ನಮ್ಮಪ್ಪನ ಹಾಗೆಯೇ. ರಜೆಯಲ್ಲಿ ಮಾತ್ರ ಯೈಜು ಎಂಬ ಬೆಸ್ತರ ಊರಿಗೆ ಕರೆದುಕೊಂಡು ಹೋಗಿ ಸಮುದ್ರದಲ್ಲಿ ಈಜಿಸುವರು.

ತಾನು ಪರದೇಶದವನಾಗಿಯೇ ಸತ್ತರೆ ಹೆಂಡತಿ ಮಕ್ಕಳಿಗೆ ಏನೂ ಸಿಗದೆ ಹೋದೀತು ಎಂಬ ಚಿಂತೆ ಅವರಿಗೆ ಹತ್ತಿತು. ತನ್ನ ತಂದೆ ಮಾಡಿದ ಹಾಗೆ ಅವರು ಬಿಟ್ಟು ಹೋಗಲಿಲ್ಲ. 1896ರಲ್ಲಿ ಜಪಾನಿನ ಪ್ರಜೆಯಾಗಿ, ನಮ್ಮ ಕಡೆಯ ಮನೆ ಅಳಿಯನ ಹಾಗೆ ಹೆಂಡತಿ ಮನೆಯ ಹೆಸರನ್ನೇ ಇಟ್ಟುಕೊಂಡರು.

ಟೋಕಿಯೋದಲ್ಲಿ 1904ರ ಸೆಪ್ಟೆಂಬರ್ 26ರಂದು ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆಗ 54 ವರ್ಷ, ನಾಲ್ಕು ಮಕ್ಕಳು, ಕೊನೇ ಹೆಣ್ಣುಮಗು ಇನ್ನೂ ಕೂಸು. ಅಲ್ಲಿರುವ ಸಮಾಧಿ ಕಲ್ಲಿನಲ್ಲಿ ಹರ್ನ್ ಅಂತ ಇಲ್ಲ, ಕೊಯಿಜುಮಿ ಯಕುಮೊ ಅಂತಲೇ ಕೆತ್ತಿದ್ದಾರೆ.